ಪದ್ಮರಾಜಯ್ಯನವರ ಎರಡನೇ ಫಿಲಂ

ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಒಂದು ಗೋಣಿಚೀಲ. ಬಿಚ್ಚುವ ಮೊದಲೇ ಅವರೆಕಾಯಿಯ ಸೊಗಡು ಒಳಗೆ ನುಗ್ಗಿತು. ಗೆಂಡೆಹಳ್ಳಿಯ ಗೌರಮ್ಮ ಕಳಿಸಿದ್ದು. ಮೂವತ್ತು ವರ್ಷದಿಂದ, ಧನುರ್ಮಾಸ ಬಂತೆಂದರೆ ಹೀಗೊಂದು ಚೀಲ ಬಸ್ಸು ಹತ್ತಿ ಅರಸೀಕೆರೆಯ ನಮ್ಮ ಮನೆಗೆ ಬರುತ್ತದೆ. ನನ್ನ ಹೆಂಡತಿಗೆ ಹಿತಕಿದ ಬೇಳೆ ಸಾರಿನ ಸಂಭ್ರಮ. ನನಗೆ ಮಾತ್ರ ಆ ಸಾರಿನ ಮೊದಲ ತುತ್ತು ಗಂಟಲಲ್ಲಿ ಸ್ವಲ್ಪ ನಿಂತು ಇಳಿಯುತ್ತದೆ. ಏಕೆಂದರೆ ಆ ಚೀಲ ನ್ಯಾಯವಾಗಿ ನನಗೆ ಬರಬೇಕಾದದ್ದಲ್ಲ.

ಯಾರಿಗೆ ಬರಬೇಕಾದದ್ದು ಎಂದು ಹೇಳಲು ಹೊಟ್ಟೆಯ ಎಕ್ಸ್‌ರೇ ವಿಷಯಕ್ಕೆ ಹೋಗಬೇಕು. ಅವರೆಕಾಯಿಯ ಮಾತಾಡುತ್ತಾ ಕರುಳಿಗೆ ಬಂದನಲ್ಲ ಎಂದು ಮುಖ ಸಿಂಡರಿಸಬೇಡಿ. ಎರಡಕ್ಕೂ ಇರುವ ಸಂಬಂಧ ಅವರೆಕಾಯಿ ತಿಂದವರಿಗೆಲ್ಲ ಗೊತ್ತು.

ಆಗ ನಾನು ಬೇಲೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ದಿನಾ ಅರಸೀಕೆರೆಯಿಂದ ಓಡಾಟ. ನನ್ನ ವಿದ್ಯೆಯೆಲ್ಲ ಸಂಜೆ ಐದರವರೆಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆಮೇಲೆ ತಲೆಯಲ್ಲಿ ಆರೂಕಾಲಿನ ಕೊನೆ ಬಸ್ಸೊಂದೇ ಓಡುತ್ತಿತ್ತು. ಎಕ್ಸ್‌ರೇ ತೆಗೆಯುತ್ತಿದ್ದವರು ಪದ್ಮರಾಜಯ್ಯ. ಹಳೇಬೀಡಿನ ಬಸದಿಯ ಹತ್ತಿರದ ಜೈನರ ಮನೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಹಾಗಾಗಿ ಸಂಜೆ ಐದೂವರೆಗೆ ಕತ್ತಲೆ ಕೋಣೆಯಿಂದ ಹೊರಬಂದು, ಫಿಲಂ ತೊಳೆಯುವ ನೀರಿನ ಹುಳಿವಾಸನೆಯ ಕೈಗಳನ್ನು ಮೂರು ಸಲ ಸೋಪಿನಲ್ಲಿ ತೊಳೆದು, ಪಡುವಣ ಕಿಟಕಿಯ ಕೆಳಗೆ ಊಟದ ಡಬ್ಬಿ ಬಿಚ್ಚುತ್ತಿದ್ದರು.

ಹೊಟ್ಟೆಯ ಎಕ್ಸ್‌ರೇ ಓದುವುದನ್ನು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಅರ್ಥವಾಗುವಂತೆ ಕಲಿಸಿದವರು ಮಾತ್ರ ಇವರೇ. ಅದರಲ್ಲಿ ಕರುಳು ಸರಿಯಾಗಿ ಕಾಣುವುದಿಲ್ಲ, ಕರುಳೊಳಗಿನ ಗಾಳಿ ಕಪ್ಪಗೆ ಕಾಣುತ್ತದೆ. ದೊಡ್ಡ ಕರುಳು ಕೆಳಗೆ ಒಂದು ಮೂಲೆಯಲ್ಲಿ ಹೊರಟು, ಮೇಲೆ ಹತ್ತಿ, ಅಡ್ಡ ಹಾದು, ಇನ್ನೊಂದು ಪಕ್ಕದಲ್ಲಿ ಇಳಿಯುತ್ತದೆ. ಸಣ್ಣ ಕರುಳು ನಡುವೆ ಸುರುಳಿ ಸುತ್ತಿಕೊಂಡಿರುತ್ತದೆ. ನಾನು ಫಿಲಂ ಕೈಗೆ ಬಂದ ಕೂಡಲೇ ನಡುಮಧ್ಯಕ್ಕೆ ಕಣ್ಣು ಹಾಕುತ್ತಿದ್ದೆ.

"ಹಂಗಲ್ಲ ಸಾರ್," ಅನ್ನುತ್ತಿದ್ದರು. "ಮೊದಲು ಪ್ರದಕ್ಷಿಣೆ ಹಾಕಿ. ಎಡಗಡೆ ಕೆಳಗಿಂದ ಹೊರಟು ದೊಡ್ಡ ಕರುಳನ್ನ ಒಂದು ಸುತ್ತು ಬನ್ನಿ. ಆಮೇಲೆ ಒಳಗೆ ಹೋಗಿ. ಕೊನೇಲಿ ತಲೆಯೆತ್ತಿ ಶಿಖರ ನೋಡಿ."

ಶಿಖರವೆಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಪೊರೆಯ ಕಮಾನು. ಕರುಳೋ ಜಠರವೋ ತೂತು ಬಿದ್ದಿದ್ದರೆ ಹೊರಗೆ ನುಸುಳಿದ ಗಾಳಿ ಅದರ ಕೆಳಗೆ ಹೋಗಿ ಕೂರುತ್ತದೆ. "ನಮ್ಮ ಕಡೆ ಗುಡಿಗಳಿಗೆ ಶಿಖರಾನೇ ಉಳಿದಿಲ್ಲ ನೋಡಿ, ಅದಕ್ಕೇ ಎಲ್ಲರೂ ಮೇಲೆ ನೋಡೋದು ಮರೀತಾರೆ," ಎಂದು ನಗುತ್ತಿದ್ದರು. ಇನ್ನೊಂದು ನಿಯಮವಿತ್ತು. ಅಂಥ ಗಾಳಿ ಮೇಲೇರಲು ಸಮಯ ಬೇಕು; ಆದ್ದರಿಂದ ಫಿಲಂಗೆ ಮುಂಚೆ ರೋಗಿಯನ್ನು ಹತ್ತು ನಿಮಿಷ ನೆಟ್ಟಗೆ ಕೂರಿಸಬೇಕು. ನೋವಿನಲ್ಲಿ ಮುದುಡಿದವರನ್ನು ಕೂರಿಸುವುದು ಸುಲಭವಲ್ಲ. ನನಗಂತೂ ಆ ಹತ್ತು ನಿಮಿಷ ಒಂದು ಯುಗವಾಗಿ ಕಾಣುತ್ತಿತ್ತು.

ಗೌರಮ್ಮನನ್ನು ಅವಳ ಗಂಡ ಕರೆತಂದದ್ದು ಇಂಥದೇ ಒಂದು ಧನುರ್ಮಾಸದ ಸಂಜೆ. ಮಧ್ಯಾಹ್ನ ಹೊಟ್ಟೆಯಲ್ಲಿ ಚೂರಿ ಹಾಕಿದಂಥ ನೋವು ಬಂದಿತ್ತಂತೆ, ಈಗ ಸ್ವಲ್ಪ ಇಳಿದಿತ್ತು. ಮಂಡಿನೋವಿಗೆ ಅಂಗಡಿಯ ಮಾತ್ರೆ ನುಂಗುವ ಅಭ್ಯಾಸವಿತ್ತು ಎಂಬುದನ್ನು ನಾನು ಕೇಳಲೇ ಇಲ್ಲ. ಗಡಿಯಾರ ನೋಡಿ, "ಕೂರಿಸೋದೇನೂ ಬೇಡ, ಬೇಗ ತೆಗೀರಿ," ಎಂದೆ. ಪದ್ಮರಾಜಯ್ಯ ತೆಗೆದುಕೊಟ್ಟರು. ನೀರು ತೊಟ್ಟಿಕ್ಕುವ ಫಿಲಂ ಕಿಟಕಿಗೆ ಹಿಡಿದೆ. ಅಲ್ಲಲ್ಲಿ ಗಾಳಿ, ಅಷ್ಟೆ. "ಗ್ಯಾಸು ಕಣಮ್ಮ. ಅವರೆಕಾಯಿ ಜಾಸ್ತಿ ತಿಂದಿದ್ದೀಯ," ಎಂದು ಚೀಟಿ ಬರೆದು ಬ್ಯಾಗು ಹೆಗಲಿಗೇರಿಸಿದೆ.

ಬಾಗಿಲು ದಾಟುವಾಗ ತಿರುಗಿ ನೋಡಿದರೆ ಪದ್ಮರಾಜಯ್ಯ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಬೆನ್ನಿಗೆ ಒರಗಾಗಿ ಗಂಡನನ್ನು ಕೂರಿಸಿದ್ದಾರೆ. ಡಬ್ಬಿ ಪಕ್ಕದಲ್ಲಿ ಮುಚ್ಚಿದಂತೆಯೇ ಇದೆ.

"ಇನ್ನೊಂದು ಫಿಲಂ ತೆಗೀತೀನಿ ಸಾರ್. ಈಯಮ್ಮ ಉಸಿರಾಡಿದ್ರೂ ಹೊಟ್ಟೆ ಅಲ್ಲಾಡ್ತಿಲ್ಲ."

"ನನ್ನ ಬಸ್ಸು ಹೋಗುತ್ತೆ ಕಣ್ರೀ."

"ಹೋಗಿ ಸಾರ್. ನಾನು ನೋಡಿ, ಬೇಕಾದ್ರೆ ಹಾಸನಕ್ಕೆ ಕಳಿಸ್ತೀನಿ."

ಹೋಗಿ ಎಂದದ್ದಕ್ಕೇ ಹೋಗಲಾಗಲಿಲ್ಲ. ಹತ್ತು ನಿಮಿಷ ಅವರು ಮತ್ತೆ ಮತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಫಿಲಂ ನೋಡಲು ಬೆಳಕು ಸಾಕಾಗುತ್ತದೋ ಎಂದು ಲೆಕ್ಕ ಹಾಕುತ್ತಿದ್ದಾರೆಂದುಕೊಂಡೆ. ಎರಡನೇ ಫಿಲಂ ಬಂದಾಗ ಬಾನು ಕೆಂಪಗಿತ್ತು. ಪ್ರದಕ್ಷಿಣೆ ಹಾಕಿದೆ, ಒಳಗೆ ಹೋದೆ, ತಲೆಯೆತ್ತಿದೆ. ಕಮಾನಿನ ಕೆಳಗೆ ಉಗುರು ಕತ್ತರಿಸಿ ಇಟ್ಟಂತೆ ಒಂದು ತೆಳು ಕಪ್ಪು ಗೆರೆ. ಮಂಡಿನೋವಿನ ಮಾತ್ರೆಗಳಿಂದಾದ ಜಠರದ ಹುಣ್ಣು ಒಡೆದಿತ್ತು. ನಾನು ಗ್ಯಾಸಿನ ಮಾತ್ರೆ ಕೊಟ್ಟು ಗೆಂಡೆಹಳ್ಳಿಗೆ ಕಳಿಸುತ್ತಿದ್ದುದು ಇಂಥ ಹೆಣ್ಣುಮಗಳನ್ನು. ಹೆದರಿಕೆಗೇ ಇರಬೇಕು, ಆಸ್ಪತ್ರೆಯ ಜೀಪು ಹತ್ತಿ ಹಾಸನದವರೆಗೆ ಅವಳ ಕೈ ಹಿಡಿದು ಕೂತಿದ್ದೆ. ಆಪರೇಷನ್ ಆಯಿತು, ಬದುಕಿದಳು.

ಮರುದಿನ ಆಸ್ಪತ್ರೆಯ ಆಯಾ ಹೇಳಿದಳು: "ನೆನ್ನೆ ಅಯ್ಯೋರು ಉಪಾಸ ಸಾರ್. ಫಿಲಂ ತೊಳೆಯೋ ಹೊತ್ಗೆ ಹೊತ್ತು ಮುಳುಗೋಗಿತ್ತು." ಅವರು ಕಿಟಕಿಯಾಚೆ ನೋಡುತ್ತಿದ್ದುದು ಸೂರ್ಯನನ್ನು ಎಂದು ಆಗ ತಿಳಿಯಿತು. ತಿಂಗಳ ಮೇಲೆ ಗೌರಮ್ಮ ಮೊದಲ ಚೀಲದೊಂದಿಗೆ ಬಂದು ಕೈಮುಗಿದಳು. "ಇದು ನಂದಲ್ಲ, ಅವರದು" ಎನ್ನಬೇಕಿತ್ತು. ಸುಮ್ಮನೆ ನಕ್ಕೆ. ಆ ನಗೆಗೆ ಮೂವತ್ತು ವರ್ಷ ನಾಚಿಕೊಂಡಿದ್ದೇನೆ.

ಈ ಸಲ ಚೀಲ ಬಿಚ್ಚಲಿಲ್ಲ. ನಿವೃತ್ತನಾದವನಿಗೆ ಪುರುಸೊತ್ತಿಲ್ಲ ಎಂಬ ನೆಪವೂ ಇರಲಿಲ್ಲ. ಚೀಲವನ್ನು ಪದ್ಮರಾಜಯ್ಯನವರಿಗೇ ಒಪ್ಪಿಸಲೆಂದು ಹೊತ್ತು, ಹೆಂಡತಿಯ ಮುನಿಸನ್ನು ಬೆನ್ನಿಗೆ ಕಟ್ಟಿಕೊಂಡು ಹಳೇಬೀಡಿನ ಬಸ್ಸು ಹತ್ತಿದೆ.

ಅವರ ಮನೆಯ ಹೊಸಿಲಲ್ಲೇ ಸೊಗಡು ಹೊಡೆಯಿತು, ನನ್ನ ಚೀಲದ್ದೇ ಎಂದುಕೊಂಡೆ. ಒಳಗೆ ಪದ್ಮರಾಜಯ್ಯ ಮಂದವಾದ ಕಣ್ಣಲ್ಲಿ ಬೆರಳಿನಿಂದಲೇ ತಡವಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಅಂಥದೇ ಚೀಲ, ಬಾಯಿಗೆ ಅದೇ ನೀಲಿ ದಾರದ ಹೊಲಿಗೆ.

"ಗೌರಮ್ಮಂದು ಸಾರ್. ಅವತ್ತಿಂದ ವರ್ಷ ವರ್ಷ ಬರುತ್ತೆ."

"ಹಾಗಾದ್ರೆ ಅವರಿಗೆ ಗೊತ್ತಿತ್ತಾ?"

"ನೋವು ಹೊಟ್ಟೇಲಿತ್ತು ಸಾರ್, ಕಿವಿ ಚೆನ್ನಾಗೇ ಇತ್ತು. ನೀವಂದಿದ್ದು ನಾನಂದಿದ್ದು ಎಲ್ಲ ಕೇಳಿಸ್ಕೊಂಡಿದ್ರು."

"ಮತ್ತೆ ನನಗ್ಯಾಕೆ ಕಳಿಸ್ತಾರೆ?"

"ನಾನೂ ಒಂದ್ಸಲ ಕೇಳಿದ್ದೆ. 'ನೀವು ಉಣ್ಣೋದು ಬಿಟ್ರಿ, ಅವ್ರು ಬಸ್ ಬಿಟ್ರು. ನಮ್ಮ ಹೊಲದಾಗೆ ಇಬ್ರಿಗೂ ಆಗೋಷ್ಟು ಐತೆ' ಅಂದ್ರು."

ನನ್ನ ತಪ್ಪನ್ನು ನಾನು ಬಚ್ಚಿಟ್ಟಿದ್ದೇನೆಂದುಕೊಂಡಿದ್ದೆ. ಅವಳು ಅದನ್ನು ತಿಳಿದೇ ಪ್ರತಿ ವರ್ಷ ಚೀಲ ಹೊಲಿದಿದ್ದಳು. ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಗಡಿಯಾರ ನೋಡಿ, "ಬಸ್ಸಿಗೆ ಹೊತ್ತಾಯ್ತು," ಎಂದೆ.

"ಹತ್ತು ನಿಮಿಷ ಕೂರಿ ಸಾರ್. ಸಾರು ಕುದೀತಿದೆ, ಹೊತ್ತು ಇನ್ನೂ ಮುಳುಗಿಲ್ಲ."

ಕೂತೆ. ಇಬ್ಬರೂ ಕಿಟಕಿಯ ಕಡೆ ಮುಖಮಾಡಿ ಉಂಡೆವು. ಮೊದಲ ತುತ್ತು ಗಂಟಲಲ್ಲಿ ನಿಲ್ಲದೆ ಇಳಿಯಿತು.