ಬಸ್ಸಿನಲ್ಲಿ ಬಂದ ಹಣ್ಣು ಹುಳ

ರೇಷ್ಮೆ ಹುಳದ ಹೊಟ್ಟೆಯಲ್ಲಿ ಜೇನಿನಂತೆ ಮಂದವಾಗಿರುವ ರಸ ಹೊರಗೆ ಬಂದ ಕೂಡಲೇ ದಾರವಾಗುತ್ತದಲ್ಲ, ಅದು ಹೇಗೆ ಎಂದು ತಿಳಿಯುವುದೇ ನನ್ನ ಸಂಶೋಧನೆ. ರಸವನ್ನು ಸಣ್ಣ ಗಾಜಿನ ನಳಿಗೆಗೆ ತುಂಬಿ ದೊಡ್ಡ ಅಯಸ್ಕಾಂತದ ನಡುವೆ ಇಳಿಸಿದರೆ ಅದರ ಪರಮಾಣುಗಳು ರೇಡಿಯೊ ಅಲೆಗೆ ಉತ್ತರ ಕೊಡುತ್ತವೆ. ಯಂತ್ರದ ಪೆನ್ನು ಅದನ್ನು ಕಾಗದದ ಮೇಲೆ ಏರಿಳಿತವಾಗಿ ಬರೆಯುತ್ತದೆ. ಎಪ್ಪತ್ತರ ದಶಕದ ಕೊನೆಯ ಮಾತು. ಬೆಂಗಳೂರಿನ ಆ ಯಂತ್ರಕ್ಕೆ ಎಲ್ಲರೂ ಮುಗಿಬೀಳುತ್ತಿದ್ದರು. ನನ್ನ ಸರದಿ ಬರುವುದೇ ಅಪರೂಪ.

ಹುಳದ ಚಿಂತೆ ಮಾತ್ರ ನನಗಿರಲಿಲ್ಲ. ಯಳಂದೂರಿನ ಹತ್ತಿರ ಅಗರದಲ್ಲಿ ಚಿಕ್ಕವ್ವ ಹುಳ ಸಾಕುತ್ತಿದ್ದಳು. ಮೇವು ಬಿಟ್ಟು ಮೈ ಹೊಳಪೇರಿದ ಹುಳಕ್ಕೆ ನಮ್ಮಲ್ಲಿ ಹಣ್ಣು ಹುಳ ಎನ್ನುತ್ತಾರೆ. ನನಗೆ ಬೇಕಾದದ್ದು ಅದೇ, ಗೂಡು ಕಟ್ಟುವ ಮೊದಲು. ಚಿಕ್ಕವ್ವ ಬುಟ್ಟಿ ಕಟ್ಟಿಕೊಟ್ಟಳು, ನಾನು ಬಸ್ಸು ಹತ್ತಿದೆ.

ಮಾರನೆಯ ದಿನ ಮುಚ್ಚಳ ತೆಗೆದರೆ ಒಂದು ಹುಳವೂ ಕಾಣಲಿಲ್ಲ. ಮಹಾತಾಯಿ ಬುಟ್ಟಿಯ ತಳದಲ್ಲಿ ಚಂದ್ರಿಕೆಯ ತುಂಡೊಂದನ್ನು, ಅಂದರೆ ಹುಳ ಗೂಡು ಕಟ್ಟುವ ಬಿದಿರ ತಟ್ಟೆಯನ್ನೇ, ಇಟ್ಟುಬಿಟ್ಟಿದ್ದಳು. ಎಲ್ಲವೂ ಗೂಡಿನೊಳಗೆ ನೆಮ್ಮದಿಯಾಗಿ ಸೇರಿಕೊಂಡಿದ್ದವು. ಸರದಿ ಕೈತಪ್ಪಿತು. "ಇನ್ನೊಂದು ಸಲ ಹೀಗಾದರೆ ಬೇರೆ ವಿಷಯ ಹುಡುಕಿಕೊಳ್ಳಿ" ಎಂದರು ನನ್ನ ಗುರುಗಳು.

ಸಿಟ್ಟು ನೆತ್ತಿಗೇರಿ ಅಗರಕ್ಕೆ ಹೋದೆ. "ಚಂದ್ರಿಕೆ ಯಾಕಿಟ್ಟೆ ಚಿಕ್ಕವ್ವ?"

"ತುಂಬಿದ್ ಬಸುರೀನ ಬರೀ ನೆಲದ್ಮೇಲೆ ಮನಗುಸ್ತಾರಾ?" ಎಂದಳು, ತಪ್ಪೆಲ್ಲ ನನ್ನದೇ ಎಂಬಂತೆ. ನನಗೆ ಅಳುವೇ ಬಂತು. "ಅಳ್ಬ್ಯಾಡ ಸುಮ್ನಿರು. ಮುಂದ್ಲ ಸಲ ನಾನೇ ತಕಂಡು ಬತ್ತೀನಿ."

ಬಂದಳು. ಇನ್ನೂ ಹಣ್ಣಾಗದ ಹುಳ, ಜೊತೆಗೆ ಒಂದು ಹೊರೆ ಸೊಪ್ಪು. ಬುಟ್ಟಿ ಟಾಪಿಗೆ ಹಾಕು ಎಂದ ಕಂಡಕ್ಟರಿಗೆ "ನಿನ್ ಮಕ್ಕಳ್ನ ಟಾಪಿನ್ ಮೇಲೆ ಆಕ್ತೀಯಾ?" ಎಂದು ದಾರಿಯುದ್ದಕ್ಕೂ ತೊಡೆಯ ಮೇಲೇ ಮೇಯಿಸಿಕೊಂಡು ಬಂದಿದ್ದಳು. ಹುಳಗಳು ನನ್ನ ಕೋಣೆಯಲ್ಲಿ, ಸರಿಯಾಗಿ ಸರದಿಯ ದಿನವೇ ಹಣ್ಣಾದವು.

ರಸ ತುಂಬಿದ ನಳಿಗೆ ಅಯಸ್ಕಾಂತದೊಳಗೆ ರಾಟೆಯಂತೆ ಗಿರ್ರನೆ ತಿರುಗತೊಡಗಿತು. ಚಿಕ್ಕವ್ವ ಯಂತ್ರಕ್ಕೆ ಕೈಮುಗಿದು ನಿಂತಿದ್ದಳು. ಪೆನ್ನು ನೆಟ್ಟಗೆ ಗೆರೆ ಎಳೆಯುತ್ತಲೇ ಹೋಯಿತು. ಆಮೇಲೆ ಒಂದು ಏರು, ಅದರ ಪಕ್ಕ ಇನ್ನೊಂದು, ಚೊಕ್ಕವಾಗಿ. ನನಗೆ ಕುಣಿಯುವಷ್ಟು ಖುಷಿ. ಗುರುಗಳು ಕಾಗದದ ಮೇಲೆ ಬಗ್ಗಿದವರು ತಲೆ ಎತ್ತಲೇ ಇಲ್ಲ.

ಚಿಕ್ಕವ್ವ ತಡೆಯಲಾರದೆ ಕೇಳಿದಳು: "ಹುಳ ಪಾಸಾದ್ವಾ ಸಾ?"

ಗುರುಗಳು ನಕ್ಕರು. "ಪಾಸಾದವು ಕಣಮ್ಮ. ಇನ್ನು ಇವರು ವಿಷಯ ಬದಲಿಸುವುದು ಬೇಡ."

ಅಗರಕ್ಕೆ ಹೋದವಳು ಬೀದಿಗೆಲ್ಲ ಸಾರಿದಳಂತೆ: "ನಮ್ಮುಳ ಬೆಂಗ್ಳೂರಲ್ಲಿ ಪಾಸಾದ್ವು ಕಣ್ರವ್ವ. ಅವುಗಳ್ ಜೊತ್ಗೆ ನಮ್ ಉಡ್ಗೀನೂವೆ."