ಬಂಡಿಯಲ್ಲಿ ಜಾಗ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಮೆರಿಕದ ಪೂರ್ವ ತೀರದ ಹರ್ನ್‌ಡನ್‌ನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಎಂ.ಎಸ್. ಓದುತ್ತಿದ್ದೆ. ನನಗೆ ಕಾರಿರಲಿಲ್ಲ. ಭಾವ ಬೆಳಿಗ್ಗೆ ನನ್ನನ್ನು ಯೂನಿವರ್ಸಿಟಿಗೆ ಬಿಟ್ಟು ಆಫೀಸಿಗೆ ಹೋಗುತ್ತಿದ್ದರು. ಆ ಮನೆ ಇಲ್ಲದಿದ್ದರೆ ನನ್ನ ಓದೂ ಇರುತ್ತಿರಲಿಲ್ಲ.

ಆ ಚಳಿಗಾಲ ಅಕ್ಕನ ಮಗಳು ಲೈಬ್ರರಿಯಿಂದ ಮಕ್ಕಳ ಕಾದಂಬರಿಯೊಂದನ್ನು ತಂದಿದ್ದಳು. ಹಿಂದಿನ ಕಾಲದಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಕುಟುಂಬಗಳ ಕಥೆ. ಸ್ಕೂಲಿನಿಂದ ಬಂದವಳೇ ನನಗೆ ಓದಿ ಹೇಳುತ್ತಿದ್ದಳು. ಆ ಕಥೆಯ ಅಪ್ಪ ಅಮ್ಮ ಹೊರಡುವ ವಿಷಯವನ್ನು ಮಕ್ಕಳಿಗೆ ಹೇಳುವುದಿಲ್ಲ. ಆದರೆ ಅಮ್ಮ ಆ ವರ್ಷ ಹಿತ್ತಲಲ್ಲಿ ಬೀಜ ಹಾಕುವುದಿಲ್ಲ. ಆಮೇಲೆ ಹಸು ಪಕ್ಕದವರ ಕೊಟ್ಟಿಗೆಗೆ ಹೋಗುತ್ತದೆ.

ಒಂದು ಮಧ್ಯಾಹ್ನ ಅವಳು ಪುಸ್ತಕ ಮುಚ್ಚಿ, "ಚಿಕ್ಕಮ್ಮ, ವಿ ಆರ್ ಗೋಯಿಂಗ್ ವೆಸ್ಟ್. ಅಮ್ಮ ತುಳಸಿ ಗಿಡಾನ ಆಂಟಿಗೆ ಕೊಟ್ಟಳು," ಎಂದಳು. ಆಂಟಿ ಎಂದರೆ ಹಿಂದಿನ ಬೀದಿಯ ಕನ್ನಡದವರು.

"ಚಳಿಗೆ ಒಣಗುತ್ತೆ ಅಂತ ಕೊಟ್ಟಿರಬೇಕು ಕಣೇ."

"ಆಂಟಿ ಹೌಸ್‌ನಲ್ಲೂ ಚಳಿ ಇದೆ!"

ನಗು ಬಂತು. ಆದರೆ ಅಂದಿನಿಂದ ನಾನೂ ಗಮನಿಸತೊಡಗಿದೆ. ಉಪ್ಪಿನಕಾಯಿ ಜಾಡಿ ಖಾಲಿಯಾದದ್ದು ಹಾಗೇ ಇತ್ತು. ಫೋನ್ ಬಂದರೆ ಭಾವ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಅಡುಗೆಮನೆಗೆ ಕಾಲಿಟ್ಟೊಡನೆ ಅವರಿಬ್ಬರ ಮಾತು ಸ್ನೋ ಬೀಳುತ್ತದೋ ಇಲ್ಲವೋ ಎಂಬಲ್ಲಿಗೆ ಬರುತ್ತಿತ್ತು.

"ಏನಕ್ಕ ವಿಷಯ?"

"ಏನಿಲ್ವೇ, ಸುಮ್ನೆ."

ನಮ್ಮ ಮನೆಯಲ್ಲಿ ಯಾವ ಒಳ್ಳೆಯ ಸುದ್ದಿಯನ್ನೂ ಆಗುವ ಮೊದಲು ಬಾಯಿಬಿಡುವುದಿಲ್ಲ. ದೃಷ್ಟಿಯಾಗಿ ಕೈತಪ್ಪುತ್ತದೆ ಎಂಬ ಭಯ. ಅಕ್ಕನ ವೀಸಾ ವಿಷಯವನ್ನು ಮೈಸೂರಿನ ನೆಂಟರೆಲ್ಲರಿಂದ ಮುಚ್ಚಿಟ್ಟಾಗ, ಯಾರೂ ಬಾಯಿಬಿಡದಂತೆ ನೋಡಿಕೊಂಡವಳು ನಾನೇ. ನನ್ನಿಂದಲೂ ಮುಚ್ಚಿಡಬಹುದು ಎಂದು ಹೊಳೆದಿರಲಿಲ್ಲ.

ಶನಿವಾರ ಇಂಡಿಯನ್ ಸ್ಟೋರಿಗೆ ಹೋದೆವು. ಪ್ರತಿ ಸಲವೂ ದೊಡ್ಡ ಅಕ್ಕಿ ಚೀಲವನ್ನು ನಾವಿಬ್ಬರೂ ಆಚೀಚೆ ಹಿಡಿದು ಅಂಗಡಿಯ ತಳ್ಳುಗಾಡಿಗೆ ಹಾಕುವುದು ರೂಢಿ. ಅಂದು ಅಕ್ಕ ಅಕ್ಕಿಯ ಒಂದು ಸಣ್ಣ ಪ್ಯಾಕೆಟ್ ಇಟ್ಟಳು. ಹುಡುಗಿ ನನ್ನ ಕೋಟು ಎಳೆದಳು.

"ಎಲ್ಲಿಗೆ ಹೋಗ್ತಿದೀರ ಅಕ್ಕ?"

ಅಕ್ಕ ಸುತ್ತ ನೋಡಿದಳು. "ಯಾರೇ ಹೇಳಿದ್ದು?"

"ನಿನ್ನ ಮಗಳ ಪುಸ್ತಕ."

"ಮೆತ್ತಗೆ ಮಾತಾಡೇ. ಕ್ಯಾಲಿಫೋರ್ನಿಯಾದಲ್ಲಿ ಭಾವಂಗೆ ಪ್ರಾಜೆಕ್ಟ್ ಸಿಗೋ ಹಾಗಿದೆ. ಇನ್ನೂ ಕನ್ಫರ್ಮ್ ಆಗಿಲ್ಲ. ಮುಂಚೇನೇ ಹೇಳಿದ್ರೆ ದೃಷ್ಟಿ ಆಗುತ್ತೆ ಅಂತ..."

"ನನ್ನ ದೃಷ್ಟೀನಾ?"

ಅಕ್ಕ ತೊಗರಿಬೇಳೆಯ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಡುವೆ ಹುಡುಗಿ ತಲೆಹಾಕಿ ಕೇಳಿದಳು: "ಚಿಕ್ಕಮ್ಮ ನಮ್ಮ ವ್ಯಾಗನ್‌ನಲ್ಲಿ ಬರ್ತಾಳಾ?"

ಅಕ್ಕ ಹಿಂದಕ್ಕೆ ನಡೆದು ದೊಡ್ಡ ಅಕ್ಕಿ ಚೀಲದ ಒಂದು ತುದಿ ಹಿಡಿದುಕೊಂಡಳು.

"ಇಷ್ಟೊಂದು ಯಾಕಮ್ಮಾ?"

"ಚಿಕ್ಕಮ್ಮಂಗೆ. ಅವಳ ಓದು ಮುಗೀಬೇಕಲ್ಲ." ಆಮೇಲೆ ನನ್ನ ಕಡೆ ನೋಡದೆ, "ನಿನಗೆ ಇರೋಕೆ ಆಂಟಿ ಅವರ ಬೇಸ್‌ಮೆಂಟ್ ಕೊಡ್ತಾರಂತೆ. ಅವತ್ತೇ ಕೇಳಿಟ್ಟಿದೀನಿ," ಎಂದಳು.

ಅವತ್ತು ಎಂದರೆ ತುಳಸಿ ಕೊಟ್ಟ ದಿನ. ಹಾಗಾದರೆ ಆಂಟಿಗೆ ಗೊತ್ತಿತ್ತು.

ಅಕ್ಕ ಬಗ್ಗಿ ನಿಂತೇ ಇದ್ದಳು, ಒಬ್ಬಳಿಂದ ಎತ್ತಲಾಗುವ ಚೀಲವಲ್ಲ ಅದು. ನಾನು ಇನ್ನೊಂದು ತುದಿ ಹಿಡಿದೆ.