ಅರ್ಜಿ ಅಮರಪ್ಪನಿಗೆ ಬಂದ ಅಚ್ಚುಕಟ್ಟಾದ ಪತ್ರ

ಯಲಬುರ್ಗಾದ ತಹಸೀಲ್ದಾರ ಕಚೇರಿ ಎದುರಿನ ಬೇವಿನ ಮರದಡಿ ಅಮರಪ್ಪ 1997ರಲ್ಲಿ ಮೇಜು ಹಾಕಿದ. ಅಂದಿನಿಂದ ಇಪ್ಪತ್ತೈದು ವರ್ಷ ಮಂದಿಯ ಅರ್ಜಿ ಬರೆದುಕೊಟ್ಟೇ ಸಂಸಾರ ನಡೆಸಿದ. ಪಹಣಿ ತಿದ್ದುಪಡಿ ಇರಲಿ, ವಿಧವಾ ವೇತನ ಇರಲಿ, ‘ಮಾನ್ಯರೇ’ಯಿಂದ ‘ತಮ್ಮ ವಿಶ್ವಾಸಿ’ವರೆಗೆ ಒಂದಕ್ಷರ ಅತ್ತಿತ್ತ ಆಗುತ್ತಿರಲಿಲ್ಲ. ಪತ್ರದ ಮುಖ ನೋಡಿದರೆ ಸಾಕು, ಅದರ ಜಾತಕ ಹೇಳುತ್ತೇನೆ ಎಂಬ ಜಂಬ ಬೇರೆ. ಲಾಟರಿ ಹೊಡೆದಿದೆ, ಬ್ಯಾಂಕ್ ಖಾತೆ ಬಂದ್ ಆಗುತ್ತದೆ ಎಂಬ ಸಂದೇಶಗಳು ಬಂದರೆ ಜನ ಮೊಬೈಲು ಹಿಡಿದು ಆತನ ಬಳಿಗೇ ಬರುತ್ತಿದ್ದರು.

“ವಿಷಯ ಇಲ್ಲ, ಉಲ್ಲೇಖ ಇಲ್ಲ. ಖೋಟಾ ಐತಿ, ತಗೀರಿ,” ಎಂದು ಅಮರಪ್ಪ ತೀರ್ಪು ಕೊಡುತ್ತಿದ್ದ. ಆಗಿನ ಖೋಟಾಗಳು ಅಕ್ಷರ ಬಾರದವರು ಬರೆದಂತೆಯೇ ಇರುತ್ತಿದ್ದುದರಿಂದ ಆತನ ಮಾನ ಉಳಿದಿತ್ತು.

ಹೆಂಡತಿ ಬಸವಣ್ಣೆಮ್ಮನಿಗೆ ಕಿವಿ ಮಂದವಾಗುತ್ತ ಬಂದಿತ್ತು. ಎಲ್ಲರೂ ನಕ್ಕ ಮೇಲೆ ತಾನೂ ನಗುವುದು ಸಾಕಾಗಿ, ಆಕೆ ನಾಲ್ಕು ಮಂದಿಯಲ್ಲಿ ಕೂಡುವುದನ್ನೇ ಬಿಟ್ಟಿದ್ದಳು. ಅದನ್ನು ನೋಡಲಾರದೆ ಅಮರಪ್ಪ 2022ರಲ್ಲಿ ಆಕೆಗೆಂದು ಆನ್‌ಲೈನ್ ಅಂಗಡಿಯೊಂದರಲ್ಲಿ ಮೊದಲೇ ಹಣ ಕಟ್ಟಿ ಕಿವಿಯ ಮಶಿನ್ ಆರ್ಡರ್ ಮಾಡಿದ.

ಮರುದಿನ ಅಂಗಡಿಯ ಇಮೇಲ್ ಬಂತು. ‘ಹಾಯ್ ಅಮರಪ್ಪ! ನಿಮ್ಮ ಪಾರ್ಸೆಲ್ ಹೊರಟಿದೆ.’ ಪಕ್ಕದಲ್ಲಿ ನಗುವ ಹಳದಿ ಮುಖ. ಅರವತ್ತು ದಾಟಿದವನಿಗೆ ಹಾಯ್ ಎನ್ನುವ ಆಫೀಸು ಯಾವ ಲೋಕದಲ್ಲಿದೆ? ಖೋಟಾ ಎಂದು ಅಳಿಸಿಹಾಕಿದ.

ಸಂಜೆಯ ಹೊತ್ತಿಗೆ ಇನ್ನೊಂದು ಬಂತು. ಮೇಲೆ ಮೊಹರು, ಕೆಳಗೆ ‘ಮಾನ್ಯರೇ’, ಆಮೇಲೆ ‘ವಿಷಯ: ತಮ್ಮ ಪಾರ್ಸೆಲ್ ತಡೆಹಿಡಿದಿರುವ ಕುರಿತು’. ಉಲ್ಲೇಖ ಸಂಖ್ಯೆಯೂ ಇತ್ತು. ಎರಡು ತಾಸಿನೊಳಗೆ ಕಾರ್ಡಿನ ವಿವರ ಸಲ್ಲಿಸದಿದ್ದಲ್ಲಿ ಆರ್ಡರ್ ರದ್ದುಪಡಿಸಲಾಗುವುದು ಎಂಬ ತಾಕೀತು ಓದಿದಾಗಲಂತೂ ಅಮರಪ್ಪನಿಗೆ ಕೈ ಮುಗಿಯುವಷ್ಟು ಭಕ್ತಿ ಬಂತು. ಕಳಿಸಿದವರ ವಿಳಾಸದಲ್ಲಿ ಅಂಗಡಿಯ ಹೆಸರೇ ಇರಲಿಲ್ಲ, ಅಕ್ಷರ ಅಂಕಿಗಳ ಗುಡ್ಡೆಯೊಂದಿತ್ತು. ಮೊಹರು ನೋಡಿದವನು ಅದನ್ನೆಲ್ಲಿ ನೋಡುತ್ತಾನೆ?

ಬಸವಣ್ಣೆಮ್ಮ ಮೊಬೈಲು ಇಸಿದುಕೊಂಡು ನಿಧಾನ ಓದಿದಳು. “ಕೊಡಾಕ ಬಂದವ್ರು ನಮ್ಮ ಗುಟ್ಟಿನ ನಂಬರ್ ಯಾಕ ಕೇಳ್ತಾರ್ರಿ?”

“ಕಚೇರಿ ಕಾಗದ ನಿನಗ ತಿಳಿಯಂಗಿಲ್ಲ, ಸುಮ್ಮನಿರು.”

ಮಾತು ಕೇಳಿಸದಿದ್ದರೂ ಆತ ಕೈ ಬೀಸಿದ ರೀತಿಯಿಂದ ಆಕೆಗೆ ಅರ್ಥವಾಯಿತು. ಅಮರಪ್ಪ ಲಿಂಕ್ ಒತ್ತಿ ಕಾರ್ಡಿನ ನಂಬರ್ ಕೊಟ್ಟ, ಓಟಿಪಿಯನ್ನೂ ಕೊಟ್ಟ. ಹತ್ತು ನಿಮಿಷದಲ್ಲಿ ಬ್ಯಾಂಕಿನ ಖಾತೆ ಗುಡಿಸಿಟ್ಟಂತಾಯಿತು.

ಇಂಥ ಹೊತ್ತಿನಲ್ಲಿ ಬೇರೆಯವರು ಫೋನಿಗೆ ಓಡುತ್ತಾರೆ. ಅಮರಪ್ಪ ಪೆನ್ನಿಗೆ ಓಡಿದ. ‘ಅರ್ಜಿದಾರರು’ ಎಂಬಲ್ಲಿ ಮೊದಲ ಸಲ ತನ್ನದೇ ಹೆಸರು ಬರೆದ. ಎರಡು ದಿನ ತಿದ್ದಿ ತೀಡಿ, ಕೊಪ್ಪಳಕ್ಕೆ ಹೋಗಿ ಪೊಲೀಸರಿಗೆ ಕೊಟ್ಟ.

“ಅರ್ಜಿ ಭಾಳ ಛಲೋ ಬರದೀರಿ ಯಜಮಾನ್ರ,” ಎಂದರು ಅಲ್ಲಿಯ ಸಾಹೇಬರು. “ಆದ್ರ ಅವತ್ತೇ ಸಹಾಯವಾಣಿಗೆ ಒಂದ್ ಫೋನ್ ಮಾಡಿದ್ರ ರೊಕ್ಕ ತಡೀಬಹುದಿತ್ತು.”

ಅಷ್ಟರಲ್ಲಿ ನಿಜವಾದ ಪಾರ್ಸೆಲ್ಲಿನವನು ಮನೆ ಎಲ್ಲಿ ಎಂದು ಫೋನ್ ಮಾಡಿದ್ದ. ಆಗಷ್ಟೇ ಶಾಣ್ಯಾನಾಗಿದ್ದ ಅಮರಪ್ಪ ಅವನಿಗೆ ಬೈದು ಫೋನ್ ಕತ್ತರಿಸಿದ. ಮಶಿನ್ ವಾಪಸು ಹೋಯಿತು. ಕಟ್ಟಿದ ಹಣವನ್ನು ಮಾತ್ರ ‘ಹಾಯ್’ ಎಂದ ಆ ಅಂಗಡಿಯೇ ಖಾತೆಗೆ ಮರಳಿಸಿತು. ಅದರಲ್ಲೇ ಇನ್ನೊಮ್ಮೆ ಆರ್ಡರ್ ಮಾಡಿದ. ಹೆಂಡತಿಗೆ “ಕಂಪನಿಯವ್ರು ತಡ ಮಾಡ್ಯಾರ” ಎಂದು ಚೀಟಿಯಲ್ಲಿ ಬರೆದು ತೋರಿಸಿದ.

ಮಶಿನ್ ಬಂದ ಮರುದಿನ ಬಸವಣ್ಣೆಮ್ಮ ಅದನ್ನು ಕಿವಿಗಿಟ್ಟುಕೊಂಡು, ಬುತ್ತಿ ಹಿಡಿದು ಬೇವಿನ ಮರದತ್ತ ಬಂದಳು. ಚಹಾದಂಗಡಿಯ ಬಾಬಾಸಾಬ ಮೊಬೈಲು ತೋರಿಸುತ್ತ ನಿಂತಿದ್ದ. ಅಮರಪ್ಪ ಕನ್ನಡಕ ಏರಿಸಿ ಹೇಳುತ್ತಿದ್ದ, “ನನ್ನ ಇಪ್ಪತ್ತೈದು ವರ್ಷದ ಅನುಭವದಾಗ ಹೇಳ್ತೀನಿ ಬಾಬಾಸಾಬ. ಕೊಡಾಕ ಬಂದವ್ರು ನಮ್ಮ ಗುಟ್ಟಿನ ನಂಬರ್ ಯಾಕ ಕೇಳ್ತಾರ? ಈ ಎಚ್ಚರದಿಂದ್ಲೇ ನಾ ಉಳಕೊಂಡೀನಿ.”

ಆಕೆ ಬುತ್ತಿಯನ್ನು ಮೇಜಿನ ಮೇಲಿಟ್ಟಳು.

“ಈ ಮಾತು ನಾ ಅಂದಾಗ ಕಿವಿ ಯಾರ್ದು ಮಂದ ಇತ್ತ್ರಿ?” ಎಂದು ಮೆತ್ತಗೆ ಕೇಳಿದಳು.

ಅಮರಪ್ಪ ಬುತ್ತಿಯ ಗಂಟು ಬಿಚ್ಚತೊಡಗಿದ. ಎಷ್ಟೋ ದಿನಗಳ ಮೇಲೆ ಬಸವಣ್ಣೆಮ್ಮ ಎಲ್ಲರಿಗಿಂತ ಮೊದಲು ನಕ್ಕಳು.